ಟ್ರೈಲರ್ ಎಳೆಯಲು ಯಾವ ಪಿಕಪ್ ಕೊಳ್ಳಬೇಕು?

ಅಮೆರಿಕದಲ್ಲಿರುವ ಕನ್ನಡದ ಸ್ನೇಹಿತರು ನನ್ನನ್ನು ಪದೇಪದೇ ಕೇಳುವ ಪ್ರಶ್ನೆ ಇದು: "ಬೇಸಿಗೆ ರಜೆಗೆ ಟ್ರಾವೆಲ್ ಟ್ರೈಲರ್ (ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿಮನೆ) ಕೊಳ್ಳಬೇಕೆಂದಿದ್ದೇವೆ. ಎಳೆಯಲು ಯಾವ ಪಿಕಪ್ ಒಳ್ಳೆಯದು? ಫೋರ್ಡೋ, ಷೆವರ್ಲೆಯೋ, ರ‍್ಯಾಮೋ?"

ಕಂಪನಿಯ ಹೆಸರು ನನಗೆ ಕೊನೆಯ ವಿಚಾರ. ನಾನು ಮರಳಿ ಕೇಳುವುದು ಬೇರೆ. ಗಾಡಿಯಲ್ಲಿ ಎಷ್ಟು ಜನ ಕೂರುತ್ತೀರಿ? ಊರಿನಿಂದ ಅಪ್ಪ ಅಮ್ಮ ಬಂದಾಗ ಅವರನ್ನೂ ಕರೆದೊಯ್ಯುತ್ತೀರಾ? ಟ್ರೈಲರ್ ಯಾವುದೆಂದು ಗೊತ್ತುಮಾಡಿಕೊಂಡಿದ್ದೀರಾ? ಕೊನೆಯ ಪ್ರಶ್ನೆಗೆ "ಇನ್ನೂ ಇಲ್ಲ" ಎಂದಾದರೆ ಟ್ರಕ್ಕಿನ ಷೋರೂಮಿಗೆ ಹೋಗುವ ಕಾಲ ಬಂದಿಲ್ಲವೆಂದೇ ಅರ್ಥ. ಮೊದಲು ಟ್ರೈಲರ್, ಆಮೇಲೆ ಟ್ರಕ್.

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರುವುದು ಎಳೆಯುವ ಸಾಮರ್ಥ್ಯ. ಎಫ್-150, ಸಿಲ್ವರಾಡೊ 1500, ರ‍್ಯಾಮ್ 1500 ಇವೆಲ್ಲ ಹಾಫ್ ಟನ್ ವರ್ಗದವು, ಅಂದರೆ ದೊಡ್ಡ ಪಿಕಪ್ಪುಗಳಲ್ಲಿ ಹಗುರವಾದವು. ತಕ್ಕ ಎಂಜಿನ್ ಇದ್ದರೆ 11,000 ಪೌಂಡ್ ಎಳೆಯಬಲ್ಲವು. ಆ ಅಂಕಿ ಸುಳ್ಳಲ್ಲ. ಎಸ್‌ಎಇ ಎಂಬ ವಾಹನ ಎಂಜಿನಿಯರುಗಳ ಸಂಸ್ಥೆಯದು, ಎಳೆಯುವ ಸಾಮರ್ಥ್ಯ ಅಳೆಯಲು ಜೆ2807 ಎಂಬ ಮಾನದಂಡವಿದೆ. ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಸುಡುಬಿಸಿಲಿನ ಉದ್ದನೆಯ ಏರುದಾರಿಯೇ ಅದರ ಪರೀಕ್ಷೆಗೆ ಅಳತೆಗೋಲು. ಆದರೆ ಆ ಲೆಕ್ಕದಲ್ಲಿ ಟ್ರಕ್ಕಿನೊಳಗಿರುವುದು ಚಾಲಕ ಮತ್ತು ಒಬ್ಬ ಪ್ರಯಾಣಿಕ, ತಲಾ 150 ಪೌಂಡ್. ಮಕ್ಕಳಿಲ್ಲ, ಅಜ್ಜಿಯಿಲ್ಲ, ಅಕ್ಕಿ ಮೂಟೆಯಂತೂ ಇಲ್ಲವೇ ಇಲ್ಲ.

ನೀವು ನೋಡಬೇಕಾದ ಅಂಕಿ ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಕಾಣುತ್ತದೆ. ಟೈರಿನ ಗಾಳಿಯ ಒತ್ತಡ ಬರೆದಿರುವ ಹಳದಿ ಪಟ್ಟಿಯ ಚೀಟಿ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಕೂಡದು ಎಂದು ಅದರಲ್ಲಿ ಇರುತ್ತದೆ. ಅದೇ ಪೇಲೋಡ್. ಚಾಲಕನ ತೂಕವೂ ಅದರೊಳಗೇ ಸೇರಬೇಕು. ಟ್ರೈಲರಿನ ಮೂತಿ ಹಿಚ್ಚಿನ, ಅಂದರೆ ಟ್ರಕ್ಕಿನ ಹಿಂಬದಿಯ ಕೊಂಡಿಯ, ಮೇಲೆ ಹಾಕುವ ಭಾರವೂ ಅದರೊಳಗೇ ಸೇರಬೇಕು. ಹೆಚ್ಚಿನವರಿಗೆ ಹೊಳೆಯದಿರುವುದು ಈ ಎರಡನೆಯದು.

ಲೆಕ್ಕ ಹಾಕಿ ನೋಡೋಣ. ಕರಪತ್ರದಲ್ಲಿ 5,500 ಪೌಂಡ್ ಎಂದಿರುವ ಟ್ರೈಲರ್ ಇದೆ ಎಂದುಕೊಳ್ಳಿ. ಅದು ಖಾಲಿ ತೂಕ. 40 ಗ್ಯಾಲನ್ ನೀರು ತುಂಬಿಸಿದರೇ ಸುಮಾರು 330 ಪೌಂಡ್ ಏರುತ್ತದೆ. ಗ್ಯಾಸ್, ಬ್ಯಾಟರಿ, ಹಾಸಿಗೆ, ಕುಕ್ಕರ್, ಮಿಕ್ಸಿ ಎಲ್ಲ ಸೇರಿದ ಮೇಲೆ ಅದರ ಗರಿಷ್ಠ ಮಿತಿಯಾದ 7,000 ಪೌಂಡನ್ನೇ ಹಿಡಿಯುವುದು ಕ್ಷೇಮ. ಅದರ ಶೇಕಡಾ 13 ಮೂತಿಯ ಮೇಲೆ ಬಿದ್ದರೆ 910 ಪೌಂಡ್. ಭಾರ ಹಂಚುವ ಹಿಚ್ಚಿನದೇ ಒಂದು 90. ಅಲ್ಲಿಗೆ ಸಾವಿರ ಆಯಿತು. ಚೀಟಿಯಲ್ಲಿ 1,500 ಎಂದಿದ್ದರೆ ಉಳಿಯುವುದು 500. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಬ್ಬ ಅಜ್ಜಿ ಕೂತರೆ ಅದೂ ಮುಗಿಯಿತು. ಎಳೆಯುವ ಲೆಕ್ಕದಲ್ಲಿ ಇನ್ನೂ 4,000 ಪೌಂಡ್ ಬಾಕಿ, ಹೊರುವ ಲೆಕ್ಕದಲ್ಲಿ ಒಂದು ಸೈಕಲ್ ಇಡಲೂ ಜಾಗವಿಲ್ಲ. ಭಾರ ಹಂಚುವ ಹಿಚ್ ಹಾಕಿದರೆ ಒಂದಷ್ಟು ಭಾರ ಮುಂದಿನ ಗಾಲಿಗಳಿಗೂ ಟ್ರೈಲರಿನ ಗಾಲಿಗಳಿಗೂ ಹೋಗಿ ಟ್ರಕ್ ಸಮವಾಗಿ ನಿಲ್ಲುತ್ತದೆ, ನಿಜ. ಚೀಟಿಯ ಅಂಕಿಯೇನೂ ಅದರಿಂದ ಬೆಳೆಯುವುದಿಲ್ಲ.

ಹಾಗಾದರೆ ಸಾಮಾನನ್ನೆಲ್ಲ ಟ್ರೈಲರಿನ ಹಿಂಭಾಗಕ್ಕೆ ತಳ್ಳಿ ಮೂತಿಯನ್ನು ಹಗುರ ಮಾಡಬಾರದೇ ಎಂದು ಕೇಳುವವರಿದ್ದಾರೆ. ಹಿಂಭಾರವಾದರೆ ಮೂಕಿ ಮೇಲೆದ್ದು ಗಾಡಿ ಎತ್ತಿನ ಮಾತು ಕೇಳುವುದಿಲ್ಲ ಎಂದು ನಮ್ಮ ಗಾಡಿ ಹೊಡೆಯುವವರಿಗೆ ಗೊತ್ತಿತ್ತು. ಇಲ್ಲಿಯೂ ಅಷ್ಟೇ. ಮೂತಿಯ ಭಾರ ಶೇಕಡಾ 10ಕ್ಕಿಂತ ಕೆಳಗಿಳಿದರೆ, ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದ ಗಾಳಿಗೇ ಟ್ರೈಲರ್ ಬಾಲ ಅಲ್ಲಾಡಿಸಲು ಶುರುಮಾಡಬಹುದು. ಆಗ ಟ್ರಕ್ಕಿನ ಬ್ರೇಕ್ ಒತ್ತಬಾರದು. ಆಕ್ಸಿಲರೇಟರ್ ಬಿಟ್ಟು, ಸ್ಟಿಯರಿಂಗ್ ನೇರ ಹಿಡಿದು, ಟ್ರೈಲರಿನ ಬ್ರೇಕನ್ನು ಮಾತ್ರ, ಚಾಲಕನ ಕೈಗೆಟಕುವ ಬ್ರೇಕ್ ಕಂಟ್ರೋಲರಿನಿಂದ ಕೈಯಲ್ಲಿ ಹಾಕಬೇಕು. ಕಂಟ್ರೋಲರ್ ಇಲ್ಲದ ಪಿಕಪ್ ತೆಗೆದುಕೊಂಡರೆ ಅದನ್ನು ಹಾಕಿಸದೆ ಹೊರಡಬೇಡಿ.

ಇನ್ನೊಂದು ವಿಚಿತ್ರ. ಒಂದೇ ಷೋರೂಮಿನಲ್ಲಿ ಅಕ್ಕಪಕ್ಕ ನಿಂತಿರುವ ಒಂದೇ ಮಾಡೆಲಿನ ಎರಡು ಟ್ರಕ್ಕುಗಳ ಪೇಲೋಡ್ ನೂರಾರು ಪೌಂಡ್ ಬೇರೆಯಿರಬಹುದು. ಗಾಜಿನ ಚಾವಣಿ, ವಿದ್ಯುತ್ ಮೆಟ್ಟಿಲು, ದೊಡ್ಡ ಚಕ್ರ, ಚರ್ಮದ ಸೀಟು ಹೆಚ್ಚಿದಷ್ಟೂ ಹೊರುವ ಶಕ್ತಿ ಕಡಿಮೆ. ದುಡ್ಡು ಹೆಚ್ಚು ಕೊಟ್ಟವನು ಕಡಿಮೆ ಹೊರುತ್ತಾನೆ.

ಹಾಗಾಗಿ ನನ್ನ ಸಲಹೆ ಹೀಗೆ. ತುಂಬಿದ ಟ್ರೈಲರ್ 6,000 ಪೌಂಡಿನೊಳಗಿದ್ದು ನೀವು ನಾಲ್ಕೇ ಜನವಾದರೆ ಒಳ್ಳೆಯ ಪೇಲೋಡ್ ಇರುವ ಹಾಫ್ ಟನ್ ಸಾಕು. ಅದಕ್ಕೆ ಮೇಲಾದರೆ ಹಾಫ್ ಟನ್‌ಗಿಂತ ಒಂದು ಮೆಟ್ಟಿಲು ಮೇಲಿನ ಎಫ್-250 ಅಥವಾ 2500 ಸರಣಿಯ ಪೆಟ್ರೋಲ್ ಗಾಡಿ ನೋಡಿ. ಅದು ಖಾಲಿ ಓಡುವಾಗ ಕುಲುಕಾಡಿಸುತ್ತದೆ, ಪಾರ್ಕಿಂಗಿನಲ್ಲಿ ಸತಾಯಿಸುತ್ತದೆ, ಸಹಿಸಿಕೊಳ್ಳಿ.

ಡೀಸೆಲ್ ಬಗ್ಗೆ ಎಲ್ಲರಿಗೂ ಒಂದು ಮೋಹ. ಡೆನ್ವರಿನಿಂದ ಪಶ್ಚಿಮಕ್ಕೆ ಐ-70ರಲ್ಲಿ ಐಸೆನ್‌ಹೋವರ್ ಸುರಂಗದತ್ತ, ಅಂದರೆ 11,000 ಅಡಿಗೂ ಮೇಲಕ್ಕೆ, ಆಗಾಗ ಹೋಗುವವರಿಗೆ ಅದು ಸರಿಯೇ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಡೀಸೆಲ್‌ಗೆ ಟರ್ಬೊ ಇದೆ, ಇಳಿಜಾರಿನಲ್ಲಿ ಎಂಜಿನ್ನಿನಿಂದಲೇ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಎಂಬ ವರವೂ ಇದೆ. ಆದರೆ ಡೀಸೆಲ್ ಎಂಜಿನ್ನೇ ಭಾರ. ಗಾಡಿ, ಜನ, ಸಾಮಾನು ಸೇರಿದ ಒಟ್ಟು ತೂಕದ ಮಿತಿಯನ್ನು 10,000 ಪೌಂಡಿಗೆ ಕಟ್ಟಿಹಾಕಿರುವ ಗಾಡಿಗಳಲ್ಲಿ ಆ ಭಾರ ನಿಮ್ಮ ಪೇಲೋಡಿನಿಂದಲೇ ಕಳೆಯುತ್ತದೆ. ಸಮತಟ್ಟಾದ ಟೆಕ್ಸಸ್ಸಿನಲ್ಲಿ ವರ್ಷಕ್ಕೆ ಒಂದೆರಡು ಸಲ ಹೊರಡುವವರು ಅದಕ್ಕೆ ಸಾವಿರಾರು ಡಾಲರ್ ಸುರಿಯುವುದು ಬರೀ ಶೋಕಿ. ವಿದ್ಯುತ್ ಪಿಕಪ್ಪುಗಳು ಎಳೆಯುವುದರಲ್ಲಿ ಹಿಂದಿಲ್ಲ, ಆದರೆ ಟ್ರೈಲರ್ ಕಟ್ಟಿದೊಡನೆ ಓಡುವ ದೂರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಮತ್ತು ಹಲವು ಚಾರ್ಜಿಂಗ್ ಕೇಂದ್ರಗಳಲ್ಲಿ ಟ್ರೈಲರ್ ಬಿಚ್ಚಿಟ್ಟೇ ಒಳಹೋಗಬೇಕು.

ಹಳೆಯ ಗಾಡಿ ಕೊಳ್ಳುವವರಿಗೂ ಇದೇ ಉತ್ತರ. ನೋಡಲು ನೂರು ಮೈಲಿ ಹೋಗುವ ಮೊದಲು ಬಾಗಿಲಿನ ಆ ಚೀಟಿಯ ಫೋಟೋ ಕಳಿಸಲು ಮಾರುವವರನ್ನು ಕೇಳಿ. ಕಳಿಸದಿದ್ದರೆ ಬೇರೆ ಗಾಡಿ ನೋಡಿ.