ನಲವತ್ತೆಂಟು ಅಂಕಿಗಳ ಶುಕ್ರವಾರ

2024ರ ಜುಲೈ 19, ಶುಕ್ರವಾರ, ಬೆಳಗ್ಗೆ 9 ಗಂಟೆ 39 ನಿಮಿಷ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕಂಪನಿ ಕ್ಯಾಬುಗಳು ಇನ್ನೂ ತೆವಳುತ್ತಿದ್ದ ಹೊತ್ತು. ನ್ಯೂಯಾರ್ಕಿನಲ್ಲಿ ನಡುರಾತ್ರಿ ಕಳೆದು ಒಂಬತ್ತು ನಿಮಿಷ, ಸಿಡ್ನಿಯಲ್ಲಿ ಮಧ್ಯಾಹ್ನದ ಊಟ ಮುಗಿದ ಸಮಯ. ಆಗ ಕ್ರೌಡ್‌ಸ್ಟ್ರೈಕ್ ಕಂಪನಿ ತನ್ನ ‘ಫಾಲ್ಕನ್’ ಭದ್ರತಾ ತಂತ್ರಾಂಶಕ್ಕೆ ಒಂದು ಸಣ್ಣ ಫೈಲು ಕಳಿಸಿತು. 10 ಗಂಟೆ 57 ನಿಮಿಷಕ್ಕೆ ಅದನ್ನು ವಾಪಸ್ ಎಳೆದುಕೊಂಡಿತು. ನಡುವೆ 78 ನಿಮಿಷ. ಮೈಕ್ರೋಸಾಫ್ಟ್ ಆಮೇಲೆ ಕೊಟ್ಟ ಲೆಕ್ಕದಲ್ಲಿ 85 ಲಕ್ಷ ವಿಂಡೋಸ್ ಯಂತ್ರಗಳು ಆ ಫೈಲಿಗೆ ಬಲಿಯಾಗಿದ್ದವು. ಒಟ್ಟು ವಿಂಡೋಸ್ ಯಂತ್ರಗಳಲ್ಲಿ ಇದು ಶೇಕಡಾ ಒಂದಕ್ಕಿಂತ ಕಡಿಮೆ. ಆದರೆ ಆ ಒಂದು ಪಾಲು ಇದ್ದದ್ದು ವಿಮಾನಯಾನ, ಆಸ್ಪತ್ರೆ, ಬ್ಯಾಂಕುಗಳ ಕೌಂಟರಿನಲ್ಲಿ.

ಆ 78 ನಿಮಿಷದೊಳಗೆ ಆನ್ ಆಗಿದ್ದು ನೆಟ್ ಸಂಪರ್ಕವೂ ಇದ್ದ ಯಂತ್ರಕ್ಕೆ ಮಾತ್ರ ಏಟು ಬಿತ್ತು. ಸಿಲ್ಕ್ ಬೋರ್ಡ್ ಜಾಮಿನಲ್ಲಿ ಸಿಕ್ಕಿಕೊಂಡು 11ರ ಮೇಲೆ ಲ್ಯಾಪ್‌ಟಾಪ್ ತೆರೆದವರು ಬಚಾವ್. ಶಿಸ್ತಾಗಿ ಒಂಬತ್ತಕ್ಕೇ ಬಂದು ಕೂತವರಿಗೆ, ಯಂತ್ರ ಕೈಕೊಟ್ಟಾಗ ವಿಂಡೋಸ್ ತೋರಿಸುವ ನೀಲಿ ಪರದೆ. ಬೆಂಗಳೂರಿನ ಟ್ರಾಫಿಕ್ಕಿನಿಂದ ಜನರಿಗೆ ಉಪಕಾರವಾದ ದಿನ ಅದೊಂದೇ ಇರಬೇಕು.

ಮೊದಲ ಒಂದು ಗಂಟೆ ಬಹಳ ಜನರ ಅನುಮಾನ ತಪ್ಪು ಕಡೆಗೆ ಹೋಯಿತು. ಅದಕ್ಕೆ ಕಾರಣವೂ ಇತ್ತು. ಅದೇ ನಸುಕಿನಲ್ಲಿ, ನಮ್ಮ ಗಡಿಯಾರದಲ್ಲಿ ಮೂರೂವರೆಯ ಸುಮಾರಿಗೆ, ಮೈಕ್ರೋಸಾಫ್ಟ್‌ನ ಬಾಡಿಗೆ ಕಂಪ್ಯೂಟರುಗಳ ಜಾಲವಾದ ಅಜೂರ್ ಕ್ಲೌಡ್‌ನ ಅಮೆರಿಕದ ಒಂದು ವಲಯ ಬೇರೆಯೇ ಕಾರಣಕ್ಕೆ ಕೈಕೊಟ್ಟಿತ್ತು. ಎರಡೂ ಸುದ್ದಿ ಸೇರಿ ‘ಮೈಕ್ರೋಸಾಫ್ಟ್ ಸರ್ವರ್ ಡೌನ್’ ಎಂಬ ಒಂದೇ ಸಾಲು ಟಿವಿಯಲ್ಲಿ ಸಂಜೆವರೆಗೂ ಓಡಿತು. ಕಂಪ್ಯೂಟರಿನ ಪರದೆ ಮಾತ್ರ ನಿಜ ಹೇಳುತ್ತಲೇ ಇತ್ತು: ದೋಷದ ಹೆಸರು ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಸಿಎಸ್‌ಏಜೆಂಟ್ ಡಾಟ್ ಸಿಸ್’. ಮೊದಲೆರಡು ಅಕ್ಷರ ಕ್ರೌಡ್‌ಸ್ಟ್ರೈಕ್‌ನವು. ಆ ಸಾಲು ಓದಿದ ಸಪೋರ್ಟ್ ಹುಡುಗರಿಗೆ ಹತ್ತು ನಿಮಿಷದಲ್ಲಿ ವಿಷಯ ಗೊತ್ತಾಗಿತ್ತು.

ಒಳಗೆ ಆದದ್ದೇನು? ಫಾಲ್ಕನ್‌ನ ಡ್ರೈವರ್ ವಿಂಡೋಸ್‌ನ ತಿರುಳಾದ ಕರ್ನಲ್‌ನಲ್ಲಿ ಕೂರುತ್ತದೆ, ಅದೂ ಯಂತ್ರ ಬೂಟ್ ಆಗುವಾಗ ಎಲ್ಲಕ್ಕಿಂತ ಮೊದಲು ಏಳುವವರ ಸಾಲಿನಲ್ಲಿ. ಯಾವ ವರ್ತನೆಯನ್ನು ಅನುಮಾನಿಸಬೇಕು ಎಂಬ ನಿಯಮಗಳು ‘ಚಾನೆಲ್ ಫೈಲ್’ಗಳಲ್ಲಿ ದಿನಕ್ಕೆ ಹಲವು ಸಲ ಬರುತ್ತವೆ. 291ನೇ ನಂಬರಿನ ಚಾನೆಲ್ ಫೈಲ್ ಪ್ರೋಗ್ರಾಮುಗಳು ಪರಸ್ಪರ ಮಾತಾಡಲು ಬಳಸುವ ‘ನೇಮ್ಡ್ ಪೈಪ್’ಗಳ ಮೇಲೆ ಕಣ್ಣಿಡುವಂಥದ್ದು. ಅದರ ನಮೂನೆಯಲ್ಲಿ 21 ಕಲಂ ಇದ್ದವು. ಆದರೆ ಯಂತ್ರದಲ್ಲಿದ್ದ ಕೋಡ್ ತುಂಬಿ ಕೊಡುತ್ತಿದ್ದದ್ದು 20 ಕಲಂ ಮಾತ್ರ. ಅರ್ಜಿ ಫಾರಮ್ಮಿನ 21ನೇ ಕಲಮಿನಲ್ಲಿ ‘ಏನಿದ್ದರೂ ಸರಿ’ ಎಂದಿರುವ ತನಕ ಗುಮಾಸ್ತ ಆ ಕಡೆ ನೋಡುವುದೇ ಇಲ್ಲವಲ್ಲ, ಹಾಗೆ ಮಾರ್ಚ್, ಏಪ್ರಿಲ್‌ನಲ್ಲಿ ಹೋದ ನಿಯಮಗಳೆಲ್ಲ ಸಲೀಸಾಗಿ ದಾಟಿಹೋದವು. ಜುಲೈ 19ರ ನಿಯಮ ಮೊದಲ ಬಾರಿಗೆ 21ನೇ ಕಲಮಿನಲ್ಲಿ ನಿರ್ದಿಷ್ಟವಾದದ್ದೊಂದನ್ನು ಹುಡುಕು ಎಂದಿತು. ಇಲ್ಲದ ಕಲಮನ್ನು ಓದಲು ಹೋದ ಡ್ರೈವರ್ ತನ್ನದಲ್ಲದ ಮೆಮೊರಿಗೆ ಕೈಹಾಕಿತು. ಸಾಮಾನ್ಯ ಪ್ರೋಗ್ರಾಮ್ ಹೀಗೆ ಮಾಡಿದರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಕರ್ನಲ್‌ನಲ್ಲಿ ಮಾಡಿದರೆ ಇಡೀ ಯಂತ್ರ ನಿಲ್ಲುತ್ತದೆ. ಮತ್ತೆ ಆನ್ ಮಾಡಿದರೆ ಡ್ರೈವರ್ ಮೊದಲೇ ಏಳುತ್ತದೆ, ಅದೇ ಫೈಲ್ ಓದುತ್ತದೆ, ಮತ್ತೆ ಬೀಳುತ್ತದೆ. ಫೈಲು ಕಳಿಸುವ ಮೊದಲು ಪರೀಕ್ಷಿಸಬೇಕಿದ್ದ ಕಂಪನಿಯ ವ್ಯಾಲಿಡೇಟರ್ ಕೂಡ 21 ಕಲಂ ಬರುತ್ತವೆ ಎಂದೇ ನಂಬಿ ಪಾಸು ಮಾಡಿತ್ತು. ಇದೆಲ್ಲ ಆಗಸ್ಟ್ 6ರಂದು ಅವರೇ ಪ್ರಕಟಿಸಿದ ವರದಿಯಲ್ಲಿದೆ.

ರಿಪೇರಿ ಹೇಳಲು ಒಂದೇ ಸಾಲು. ಅತ್ಯಗತ್ಯವಾದದ್ದನ್ನಷ್ಟೇ ಎಬ್ಬಿಸುವ ಸೇಫ್ ಮೋಡ್‌ಗೆ ಹೋಗಿ, ವಿಂಡೋಸ್ ಫೋಲ್ಡರಿನ ಒಳಗೆ ಸಿಸ್ಟಮ್32, ಅದರ ಒಳಗೆ ಡ್ರೈವರ್ಸ್, ಅದರ ಒಳಗೆ ಕ್ರೌಡ್‌ಸ್ಟ್ರೈಕ್. ಅಲ್ಲಿ ‘ಸಿ-00000291’ ಎಂದು ಶುರುವಾಗುವ ‘ಸಿಸ್’ ಫೈಲ್ ಅಳಿಸಿ, ರೀಸ್ಟಾರ್ಟ್ ಮಾಡಿ. ಕೈಹಾಕಿದವರಿಗೇ ಗೊತ್ತು ಅದರ ಕಷ್ಟ.

ಬೂಟ್ ಆಗಲು ಕೆಲವು ಸಲ ಸೋತ ಮೇಲೆ ವಿಂಡೋಸ್ ತಾನಾಗಿ ರಿಕವರಿ ಪರದೆಗೆ ಬರುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಆಮೇಲೆ 4 ಒತ್ತಿದರೆ ಸೇಫ್ ಮೋಡ್. ಆದರೆ ಕಂಪನಿ ಲ್ಯಾಪ್‌ಟಾಪುಗಳ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇರುತ್ತದಲ್ಲ, ಅದು ದಾರಿಯಲ್ಲೇ ಅಡ್ಡ ನಿಂತು ರಿಕವರಿ ಕೀ ಕೇಳುತ್ತದೆ. 48 ಅಂಕಿ, ಆರಾರರ ಎಂಟು ಗುಂಪು. ಪರದೆ ಮೇಲೆ ಕೀ ಐಡಿ ಕಾಣುತ್ತದೆ. ಅದರ ಮೊದಲ ಎಂಟು ಅಕ್ಷರ ಹೇಳಿದರೆ ಹೆಲ್ಪ್‌ಡೆಸ್ಕ್‌ನವರು ಹೊಂದುವ ಕೀ ಹುಡುಕಿ ಓದಿ ಹೇಳಬೇಕು. ‘ಡಬಲ್ ಫೋರ್ ಜೀರೋ ಅಂದ್ರಾ ಸರ್, ಫೋರ್ ಡಬಲ್ ಜೀರೋ ಅಂದ್ರಾ?’ ಎಂಬ ಮಾತು ಆ ದಿನ ಎಷ್ಟು ಫೋನುಗಳಲ್ಲಿ ಕೇಳಿರಬಹುದೋ. ಒಂದು ಪುಣ್ಯ ಏನೆಂದರೆ, ಪ್ರತಿ ಗುಂಪಿನ ಆರಂಕಿ ಸಂಖ್ಯೆ 11ರಿಂದ ನಿಶ್ಶೇಷವಾಗಿ ಭಾಗವಾಗಲೇಬೇಕು. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅದಲುಬದಲಾದರೂ ಲೆಕ್ಕ ಕೂಡುವುದಿಲ್ಲ, ತಪ್ಪು ಆ ಗುಂಪಿನಲ್ಲೇ ಸಿಕ್ಕಿಬೀಳುತ್ತದೆ. ಇದನ್ನು ಯೋಚಿಸಿಟ್ಟ ಎಂಜಿನಿಯರಿಗೆ ಕೈಮುಗಿಯಬೇಕು.

ಆ ಕೀಗಳು ಇರುವುದೆಲ್ಲಿ? ಬಹಳ ಕಡೆ, ಕಂಪನಿಯ ಜನ, ಯಂತ್ರಗಳ ವಿವರ ಇಡುವ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ. ಅದು ಓಡುವುದು ವಿಂಡೋಸ್ ಸರ್ವರಿನಲ್ಲಿ. ಆ ಸರ್ವರಿಗೂ ಫಾಲ್ಕನ್ ಹಾಕಿದ್ದರೆ ಅದೂ ನೀಲಿ. ಬೀರುವಿನ ಬೀಗದ ಕೈ ಬೀರುವಿನೊಳಗೇ. ಹಾಗಾಗಿ ಸರಿಯಾದ ಕ್ರಮ ಎಂದರೆ ಮೊದಲು ಆ ಡೈರೆಕ್ಟರಿ ನಡೆಸುವ ಡೊಮೇನ್ ಕಂಟ್ರೋಲರುಗಳು, ಆಮೇಲೆ ಕೀ ಇರುವ ಸರ್ವರುಗಳು, ಕೊನೆಗೆ ಲ್ಯಾಪ್‌ಟಾಪುಗಳು. ಬಾಗಿಲ ಹತ್ತಿರ ಕೂತ ಮ್ಯಾನೇಜರಿನ ಲ್ಯಾಪ್‌ಟಾಪಿನಿಂದ ಶುರು ಮಾಡಿದ ಕಡೆಯೆಲ್ಲ ಸಂಜೆಯಾದರೂ ಕೆಲಸ ಕುದುರಲಿಲ್ಲ ಎಂದರೆ ಆಶ್ಚರ್ಯವಿಲ್ಲ.

ಸೇಫ್ ಮೋಡಿಗೆ ಬದಲು ರಿಕವರಿಯ ಕಮಾಂಡ್ ಪ್ರಾಂಪ್ಟ್‌ನಿಂದಲೇ ಫೈಲು ಅಳಿಸಬಹುದು. ಅಲ್ಲಿ ಕಾದಿರುವ ಹಳ್ಳ ಬೇರೆ. ಪ್ರಾಂಪ್ಟ್ ತೆರೆದುಕೊಳ್ಳುವುದು ‘ಎಕ್ಸ್’ ಡ್ರೈವಿನಲ್ಲಿ. ಅದು ರಿಕವರಿಯ ತಾತ್ಕಾಲಿಕ ಡಿಸ್ಕು. ಅದರಲ್ಲೂ ಸಿಸ್ಟಮ್32 ಇದೆ, ಡ್ರೈವರ್ಸ್ ಇದೆ, ಕ್ರೌಡ್‌ಸ್ಟ್ರೈಕ್ ಮಾತ್ರ ಇಲ್ಲ. ‘ನಮ್ಮ ಯಂತ್ರದಲ್ಲಿ ಆ ಫೋಲ್ಡರೇ ಇಲ್ಲ’ ಎಂದು ದೂರಿನ ಟಿಕೆಟ್ ಬಂದರೆ ಕಾರಣ ಇದೇ. ‘ಸಿ’ಗೆ ಬದಲಾಯಿಸಿಕೊಳ್ಳಬೇಕು, ಕೆಲವು ಯಂತ್ರಗಳಲ್ಲಿ ಅಲ್ಲಿಯೂ ಸಿಗದೆ ‘ಡಿ’ಯಲ್ಲಿ ಸಿಗುತ್ತದೆ.

ಕೀ ಸಿಗದವರಿಗೂ ಒಂದು ಒಳದಾರಿ ಇತ್ತು. ಕೀ ಕೇಳಿದಾಗ ‘ಸ್ಕಿಪ್’ ಒತ್ತಿ ಪ್ರಾಂಪ್ಟ್‌ಗೆ ಹೋಗಿ, ಬಿಸಿಡಿ-ಎಡಿಟ್ ಕಮಾಂಡಿನಿಂದ ‘ಮುಂದಿನ ಸಲ ಸೇಫ್ ಮೋಡಿನಲ್ಲೇ ಏಳು’ ಎಂದು ಬರೆದಿಡುವುದು. ಬೀಗವನ್ನು ಯಂತ್ರದೊಳಗೇ ಕೀ ಕಾಪಾಡುವ ಟಿಪಿಎಂ ಚಿಪ್ ಒಂದಕ್ಕೇ ಕಟ್ಟಿದ್ದರೆ ಡಿಸ್ಕು ತಾನಾಗಿ ತೆರೆದುಕೊಳ್ಳುತ್ತದೆ. ಅಡ್ಮಿನ್ ಪಾಸ್‌ವರ್ಡ್ ಹಾಕಿ ಒಳಹೋಗಿ ಫೈಲು ಅಳಿಸಬಹುದು. ಮೈಕ್ರೋಸಾಫ್ಟ್ ಆಮೇಲೆ ಬಿಟ್ಟ ಪೆನ್ ಡ್ರೈವ್ ಸಾಧನದಲ್ಲೂ ಎರಡನೆಯ ಆಯ್ಕೆ ಇದೇ. ಕೆಲಸ ಮುಗಿದ ಮೇಲೆ ಆ ಬರಹವನ್ನು ವಾಪಸ್ ತೆಗೆಯದಿದ್ದರೆ ಯಂತ್ರ ಪ್ರತಿಸಲವೂ ಸೇಫ್ ಮೋಡಿನಲ್ಲೇ ಏಳುತ್ತದೆ.

ಕ್ಲೌಡ್‌ನಲ್ಲಿದ್ದ ಯಂತ್ರಗಳಿಗೆ ಕೀಬೋರ್ಡೇ ಇಲ್ಲ. ಅಲ್ಲಿ ಡಿಸ್ಕು ಕಳಚಿ, ಆರೋಗ್ಯವಾಗಿರುವ ಇನ್ನೊಂದು ಯಂತ್ರಕ್ಕೆ ಜೋಡಿಸಿ, ಫೈಲು ಅಳಿಸಿ, ಮತ್ತೆ ಮೊದಲಿನ ಯಂತ್ರಕ್ಕೇ ತೊಡಿಸಬೇಕು. ಇನ್ನೊಂದು ಸಲಹೆ ಕೇಳಿ ಜನ ನಕ್ಕರು: ‘ಹದಿನೈದು ಸಲದವರೆಗೂ ರೀಸ್ಟಾರ್ಟ್ ಮಾಡಿ ನೋಡಿ’ ಎಂದು ಮೈಕ್ರೋಸಾಫ್ಟೇ ಹೇಳಿತ್ತು. ನಗುವಂಥದ್ದಲ್ಲ. ಯಂತ್ರ ಬಿದ್ದುಹೋಗುವ ಮುನ್ನ ನೆಟ್ ಸಿಕ್ಕಿ ಸರಿಯಾದ ಫೈಲು ಇಳಿದುಬಿಟ್ಟರೆ ಬದುಕಿತು, ಅಷ್ಟೇ ಓಟದ ಪಂದ್ಯ. ವೈಫೈ ಎದ್ದು ನಿಲ್ಲಲು ಹೊತ್ತು ಬೇಕು, ಆದ್ದರಿಂದ ಕೇಬಲ್ ಚುಚ್ಚಿದ ಯಂತ್ರಕ್ಕೆ ಗೆಲ್ಲುವ ಅವಕಾಶ ಹೆಚ್ಚು.

ಈ ಕೆಲಸ ನಡೆಯುತ್ತಿದ್ದಾಗಲೇ ನೆಟ್ಟಿನಲ್ಲಿ ಚರ್ಚೆ ಶುರುವಾಗಿತ್ತು, ಹೆಚ್ಚಿನದು ಗುರಿ ತಪ್ಪಿದ್ದು. ‘ಶುಕ್ರವಾರ ಯಾರಾದರೂ ಅಪ್‌ಡೇಟ್ ಬಿಡ್ತಾರಾ?’ ಎಂಬ ಜೋಕು ಎಲ್ಲ ಗ್ರೂಪುಗಳಲ್ಲೂ ಬಂತು. ದಿನಕ್ಕೆ ಹಲವು ಸಲ ನಿಯಮ ಕಳಿಸುವುದೇ ಈ ಉದ್ಯೋಗ. ಕಳ್ಳ ಶನಿವಾರ ರಜೆ ಹಾಕುವುದಿಲ್ಲ. ಅಮೆರಿಕದ ಸೌತ್‌ವೆಸ್ಟ್ ವಿಮಾನ ಕಂಪನಿ ಬಹಳ ಹಳೆಯ ವಿಂಡೋಸ್ 3.1 ಬಳಸುವುದರಿಂದ ಪಾರಾಯಿತು ಎಂಬ ಕತೆಯಂತೂ ಆಧಾರವಿಲ್ಲದೆಯೇ ಜಗತ್ತು ಸುತ್ತಿತು. ಇನ್ನು ಕ್ರೌಡ್‌ಸ್ಟ್ರೈಕ್ ಸಿಇಒ ಜಾರ್ಜ್ ಕರ್ಟ್ಜ್, ಇದು ಭದ್ರತೆಯ ಘಟನೆಯೂ ಅಲ್ಲ, ಸೈಬರ್ ದಾಳಿಯೂ ಅಲ್ಲ ಎಂದರು. ಎರಡನೆಯದು ನಿಜ. ಮೊದಲನೆಯದನ್ನು ಒಪ್ಪುವುದು ಕಷ್ಟ. ಗೌಪ್ಯತೆ, ನಿಖರತೆಯ ಜೊತೆಗೆ ‘ಬೇಕಾದಾಗ ಸಿಗುವುದು’ ಕೂಡ ಭದ್ರತೆಯ ಮೂರು ಕಂಬಗಳಲ್ಲಿ ಒಂದು ಎಂದು ಮೊದಲ ಪಾಠದಲ್ಲೇ ಹೇಳಿಕೊಡುತ್ತಾರೆ. 2010ರ ಏಪ್ರಿಲ್‌ನಲ್ಲಿ ಮ್ಯಾಕಫಿ ಆ್ಯಂಟಿವೈರಸ್‌ನ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಮುಖ್ಯ ಫೈಲೊಂದನ್ನೇ ವೈರಸ್ ಎಂದು ತಿಳಿದು ಯಂತ್ರಗಳನ್ನು ಕೆಡವಿತ್ತು. ಆಗ ಆ ಕಂಪನಿಯ ತಂತ್ರಜ್ಞಾನ ಮುಖ್ಯಸ್ಥರೂ ಇದೇ ಕರ್ಟ್ಜ್.

ಮೈಕ್ರೋಸಾಫ್ಟ್ ಕಡೆಯಿಂದ ಬಂದ ವಾದ ಇನ್ನೂ ಜಾಣತನದ್ದು: 2009ರಲ್ಲಿ ಐರೋಪ್ಯ ಆಯೋಗಕ್ಕೆ ಮಾತು ಕೊಟ್ಟಿದ್ದೇವೆ, ಹಾಗಾಗಿ ಬೇರೆ ಭದ್ರತಾ ಕಂಪನಿಗಳನ್ನು ಕರ್ನಲ್‌ನಿಂದ ಹೊರಗಿಡಲು ಆಗದು ಎಂದು. ಕೊಟ್ಟ ಮಾತು ‘ನಮ್ಮ ಭದ್ರತಾ ತಂತ್ರಾಂಶಕ್ಕೆ ಇರುವ ಪ್ರವೇಶ ನಿಮಗೂ ಇರುತ್ತದೆ’ ಎಂಬುದು. ತಮ್ಮ ಡಿಫೆಂಡರನ್ನೂ ಕರ್ನಲ್‌ನಿಂದ ಹೊರತಂದು ಎಲ್ಲರಿಗೂ ಒಂದೇ ಹೊರಬಾಗಿಲು ಇಟ್ಟಿದ್ದರೆ ಮಾತು ಮುರಿಯುತ್ತಿರಲಿಲ್ಲ. ಆ್ಯಪಲ್ 2019ರಲ್ಲೇ ಮ್ಯಾಕ್‌ಗೆ ಅಂಥ ಬಾಗಿಲು ಇಟ್ಟಿತು. ಆದರೂ ‘ಕರ್ನಲ್‌ನಿಂದ ಓಡಿಸಿದರೆ ಎಲ್ಲ ಸರಿ’ ಎನ್ನುವವರ ಪಕ್ಷವೂ ನನ್ನದಲ್ಲ. ಕರ್ನಲ್ ಈ ಪೆಟ್ಟನ್ನು ದೊಡ್ಡದು ಮಾಡಿತು, ಪೆಟ್ಟು ಕೊಟ್ಟದ್ದು ಬೇರೆ.

ಅದು ಒಂದು ಪದದ ಆಟ. ಫಾಲ್ಕನ್ ಕೊಂಡವರಿಗೆ ‘ಎನ್ ಮೈನಸ್ ಒಂದು’, ‘ಎನ್ ಮೈನಸ್ ಎರಡು’ ಎಂಬ ಆಯ್ಕೆ ಇತ್ತು. ಹೊಸ ಆವೃತ್ತಿಯನ್ನು ತಕ್ಷಣ ಹಾಕಿಕೊಳ್ಳದೆ ಒಂದೋ ಎರಡೋ ಹೆಜ್ಜೆ ಹಿಂದೆ ಉಳಿಯುವುದು. ಎಚ್ಚರದ ಕಂಪನಿಗಳೆಲ್ಲ ಹಾಗೇ ಇಟ್ಟುಕೊಂಡಿದ್ದವು. ಅವುಗಳ ಯಂತ್ರಗಳೂ ಬಿದ್ದವು. ಏಕೆಂದರೆ ಆ ಆಯ್ಕೆ ತಂತ್ರಾಂಶಕ್ಕೆ ಮಾತ್ರ ಅನ್ವಯ. ಚಾನೆಲ್ ಫೈಲ್ ‘ಕಂಟೆಂಟ್’ ಅಂತೆ, ಕೋಡ್ ಅಲ್ಲವಂತೆ. ಅದು ಎಲ್ಲರಿಗೂ ಒಟ್ಟಿಗೇ, ಕೇಳದೆಯೇ ಬರುತ್ತಿತ್ತು. ಕರ್ನಲ್‌ನೊಳಗೆ ಕೂತು ಓದುವ ಡ್ರೈವರಿನ ನಡೆ ಬದಲಿಸುವ ಫೈಲನ್ನು ಬರೀ ಮಾಹಿತಿ ಎಂದು ಕರೆದು, ಹಂತಹಂತವಾಗಿ ಬಿಡುವ ನಿಯಮದಿಂದ ವಿನಾಯಿತಿ ಕೊಟ್ಟದ್ದೇ ನನ್ನ ಪ್ರಕಾರ ಆ ದಿನದ ಅಸಲಿ ತಪ್ಪು. ಮೊದಲ ಹತ್ತು ನಿಮಿಷ ನೂರಕ್ಕೆ ಒಂದು ಯಂತ್ರಕ್ಕೆ ಮಾತ್ರ ಕಳಿಸಿ, ಅವು ಮತ್ತೆ ಉಸಿರಾಡುತ್ತಿವೆಯೇ ಎಂದು ನೋಡಿದ್ದರೆ 21ನೇ ಕಲಂ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಡೆಲ್ಟಾ ವಿಮಾನ ಕಂಪನಿ ಹಿಡಿದದ್ದೂ ಇದೇ ಎಳೆಯನ್ನು. ಸುಮಾರು 7,000 ವಿಮಾನ ರದ್ದಾಗಿ 50 ಕೋಟಿ ಡಾಲರ್ ನಷ್ಟವಾಯಿತೆಂದು ಅದು ಅಕ್ಟೋಬರ್‌ನಲ್ಲಿ ಜಾರ್ಜಿಯಾದಲ್ಲಿ ದಾವೆ ಹೂಡಿತು. ಸ್ವಯಂ ಅಪ್‌ಡೇಟ್ ಬೇಡವೆಂದಿದ್ದರೂ ಇದು ಬಂತು ಎಂಬುದು ಅದರ ದೂರು. ಕ್ರೌಡ್‌ಸ್ಟ್ರೈಕ್ ವಕೀಲರ ಉತ್ತರ, ಕರಾರಿನ ಪ್ರಕಾರ ನಮ್ಮ ಹೊಣೆ ಹತ್ತು ಮಿಲಿಯನ್ ಡಾಲರಿಗೂ ಕೆಳಗೆ ಎಂದು. 2025ರ ಮೇ ತಿಂಗಳಲ್ಲಿ ನ್ಯಾಯಾಧೀಶರು ದಾವೆಯ ಹೆಚ್ಚಿನ ಭಾಗ ಮುಂದುವರಿಯಲಿ ಎಂದರು. ಅಂದಹಾಗೆ, ರಿಪೇರಿಗೆ ನೆರವಾದ ಪಾಲುದಾರರಿಗೆ ಕ್ರೌಡ್‌ಸ್ಟ್ರೈಕ್ ಕಳಿಸಿದ್ದು ಹತ್ತು ಡಾಲರಿನ ಊಟದ ಕೂಪನ್.

ನಮ್ಮಲ್ಲಿ ಏಟು ಹೆಚ್ಚು ಕಂಡದ್ದು ವಿಮಾನ ನಿಲ್ದಾಣಗಳಲ್ಲಿ. ಕೆಂಪೇಗೌಡ ನಿಲ್ದಾಣದಲ್ಲಿ ಹಲವು ಕಂಪನಿಗಳ ಚೆಕ್-ಇನ್ ಕೈಕೆಲಸಕ್ಕೆ ಇಳಿಯಿತು. ಪೆನ್ನಿನಲ್ಲಿ ಬರೆದ ಇಂಡಿಗೋ ಬೋರ್ಡಿಂಗ್ ಪಾಸಿನ ಫೋಟೋ ದೇಶವೆಲ್ಲ ಓಡಾಡಿತು. ರಿಸರ್ವ್ ಬ್ಯಾಂಕ್ ಹತ್ತು ಬ್ಯಾಂಕ್ ಮತ್ತು ಹಣಕಾಸು ಸಂಸ್ಥೆಗಳಿಗೆ ಮಾತ್ರ ಸಣ್ಣ ತೊಂದರೆ ಎಂದಿತು, ಸರ್ಕಾರಿ ಕಚೇರಿಗಳ ಎನ್‌ಐಸಿ ಜಾಲಕ್ಕೆ ಏನೂ ಆಗಿಲ್ಲ ಎಂದು ಕೇಂದ್ರ ಐಟಿ ಸಚಿವರು ಹೇಳಿದರು. ಆ ಸಂಜೆ ‘ನೋಡಿ, ಭಾರತ ಹೇಗೆ ಪಾರಾಯಿತು’ ಎಂದು ಬೆನ್ನು ತಟ್ಟಿಕೊಂಡವರು ರಿಸರ್ವ್ ಬ್ಯಾಂಕಿನ ಪ್ರಕಟಣೆಯನ್ನು ಪೂರ್ತಿ ಓದಿರಲಿಕ್ಕಿಲ್ಲ. ಬಹುತೇಕ ಬ್ಯಾಂಕುಗಳ ಮುಖ್ಯ ವ್ಯವಸ್ಥೆಗಳು ಕ್ಲೌಡಿನಲ್ಲಿಲ್ಲ, ಈ ತಂತ್ರಾಂಶ ಕೊಂಡವರೂ ಕೆಲವರೇ ಎಂದು ಅದರಲ್ಲೇ ಇತ್ತು. ಕೊಂಡಿರದ ಬಸ್ಸು ಹಳ್ಳಕ್ಕೆ ಬೀಳಲಿಲ್ಲ ಎಂದು ಡ್ರೈವರಿಗೆ ಹಾರ ಹಾಕುವುದು ಹೇಗೆ?

ಆಮೇಲೆ ಕೆಲವು ಒಳ್ಳೆಯ ಬದಲಾವಣೆ ಬಂದವು. ಕಂಟೆಂಟ್ ಈಗ ಹಂತಹಂತವಾಗಿ ಹೋಗುತ್ತದೆ, ಯಾವಾಗ ಬೇಕೆಂದು ಗ್ರಾಹಕರು ಆರಿಸಿಕೊಳ್ಳಬಹುದು. ಬೂಟ್ ಆಗದ ಯಂತ್ರ ತಾನೇ ನೆಟ್ಟಿನಿಂದ ಪರಿಹಾರ ಇಳಿಸಿಕೊಳ್ಳುವ ಏರ್ಪಾಡನ್ನು ಮೈಕ್ರೋಸಾಫ್ಟ್ ವಿಂಡೋಸ್ 11ಕ್ಕೆ ತಂದಿತು.

ನಿಮ್ಮ ಕಚೇರಿಯಲ್ಲಿ ಇಪ್ಪತ್ತು ಲ್ಯಾಪ್‌ಟಾಪ್ ಇದ್ದರೂ ಒಂದು ಶನಿವಾರ ಮಧ್ಯಾಹ್ನ ಹೀಗೆ ಮಾಡಿ ನೋಡಿ. ಡೊಮೇನ್ ಕಂಟ್ರೋಲರ್ ಇಲ್ಲ ಎಂದುಕೊಳ್ಳಿ. ಯಾವುದಾದರೂ ಒಂದು ಲ್ಯಾಪ್‌ಟಾಪಿನ ಕೀ ಐಡಿ ಕೊಟ್ಟು, ಅದರ 48 ಅಂಕಿ ತನ್ನಿ ಎಂದು ಸಪೋರ್ಟ್‌ನವರಿಗೆ ಹೇಳಿ. ಜೊತೆಗೆ ಆ ಯಂತ್ರದ ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಕೂಡ. ಗಡಿಯಾರ ನೋಡುತ್ತಿರಿ.