ತಗಡಿನ ಮನೆ, ಬೇಸಿಗೆ ಮತ್ತು ಫ್ಯಾನಿನ ಲೆಕ್ಕ

ರಾಯಚೂರು, ಕಲಬುರಗಿ ಕಡೆಯ ತಗಡಿನ ಮನೆಗಳಲ್ಲಿ ಏಪ್ರಿಲ್-ಮೇ ಬಂತೆಂದರೆ ಫ್ಯಾನ್ ನಿಲ್ಲುವುದೇ ಇಲ್ಲ. ಗೃಹಜ್ಯೋತಿ ಎಂದರೆ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಎಂದುಕೊಂಡವರ ಕೈಗೆ ಬಿಲ್ ಬರುವುದೂ ಆಗಲೇ. 2023ರ ಈ ಯೋಜನೆಯಲ್ಲಿ ಉಚಿತವಾಗಿರುವುದು ಆ ಮನೆಯ 2022-23ರ ತಿಂಗಳ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10 ಮಾತ್ರ. (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 2024ರಿಂದ ಶೇ 10ರ ಬದಲು 10 ಯೂನಿಟ್.) ವರ್ಷದ ಸರಾಸರಿಯಲ್ಲಿ ಬೇಸಿಗೆಯ ಬಳಕೆ ಕರಗಿಹೋಗುತ್ತದೆ. ಕಡಿಮೆ ಬಳಸಿದ ಬಡವರಿಗೆ ಉಚಿತವೂ ಕಡಿಮೆ. ಇದು ನನಗಂತೂ ಸರಿ ಕಾಣುವುದಿಲ್ಲ.

75 ವ್ಯಾಟ್‌ನ ಹಳೆಯ ಫ್ಯಾನ್ ದಿನಕ್ಕೆ 20 ಗಂಟೆ ತಿರುಗಿದರೆ ಒಂದೂವರೆ ಯೂನಿಟ್, ತಿಂಗಳಿಗೆ 45. ಸುಮಾರು 30 ವ್ಯಾಟ್‌ನ ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಮೋಟಾರ್‌ನ) ಫ್ಯಾನಾದರೆ 18. ಅದನ್ನು ಕೂರಿಸುವಾಗ ಹಳೆಯ ರೆಗ್ಯುಲೇಟರ್ ತೆಗೆದು ನೇರ ಸ್ವಿಚ್‌ಗೆ ಜೋಡಿಸಬೇಕು, ಇಲ್ಲದಿದ್ದರೆ ಒಳಗಿನ ಸರ್ಕ್ಯೂಟ್ ಸುಡಬಹುದು.

ಹೊಸದು ಕೊಳ್ಳಲು ದುಡ್ಡಿಲ್ಲವೇ? ಹಳೆಯ ಫ್ಯಾನ್ ನಿಧಾನವಾಗಿದ್ದರೆ ಕೆಪಾಸಿಟರ್ (ಮೋಟಾರ್ ತಿರುಗಲು ನೆರವಾಗುವ ಪುಟ್ಟ ಬಿಡಿಭಾಗ) ಬದಲಿಸಿ ನೋಡಿ. ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್ ಇರುತ್ತದೆ. ಹಳೆಯದರ ಮೇಲೆ ಬರೆದಷ್ಟೇ ತನ್ನಿ, ಮೇನ್ ಆಫ್ ಮಾಡಿಯೇ ಕೈ ಹಾಕಿ. ಸಂಜೆ ಓಣಿಯ ಎಲ್ಲ ಫ್ಯಾನ್‌ಗಳೂ ತೆವಳುತ್ತಿದ್ದರೆ ತಪ್ಪು ವೋಲ್ಟೇಜ್‌ನದು, ಕೆಪಾಸಿಟರ್ ಖರ್ಚು ದಂಡ.

ಇನ್ನು ಮನೆಯ ಛಾವಣಿ. ಬಿಸಿಲಿನ ಕಾವು ಇಳಿಸಲು ಸುಣ್ಣ ಬಳಿಯುವುದು ಆರ್‌ಸಿಸಿಗೆ (ಕಾಂಕ್ರೀಟ್ ಛಾವಣಿಗೆ) ಸರಿ. ತಗಡಿನ ಮೇಲೆ ಮೊದಲ ಮಳೆಗೇ ಏಳುತ್ತದೆ. ತಂತಿ ಬ್ರಷ್‌ನಿಂದ ತುಕ್ಕು ಕೆರೆದು, ಪ್ರೈಮರ್ ಹಚ್ಚಿ, ಮೇಲೆ ಶಾಖ ಪ್ರತಿಫಲಿಸುವ ಬಿಳಿ ಪೇಂಟ್ ಎರಡು ಕೋಟ್ ಕೊಡಿ. ಧೂಳು ಕೂತರೆ ಕೆಲಸ ಅರ್ಧ ಕೆಟ್ಟಂತೆ, ಮಾರ್ಚ್‌ನಲ್ಲೊಮ್ಮೆ ತೊಳೆಯಿರಿ.