ಡೆಮೊ ರೂಮಿನಲ್ಲಿ ಕೇಳಿದ ಪೆಡಲ್ಲು, ಮನೆಯಲ್ಲಿರುವ ಆಂಪು

ವಾದ್ಯಗಳ ಅಂಗಡಿಯ ಗಿಟಾರ್ ಕೌಂಟರಿನಲ್ಲಿ ನಿಲ್ಲುವವರಿಗೆ ವಾರಾಂತ್ಯದಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದಿದೆ: ಕಡಿಮೆ ಬೆಲೆಗೆ ಒಳ್ಳೆಯ ಡಿಸ್ಟಾರ್ಷನ್ ಪೆಡಲ್ ಯಾವುದು? ಗಿಟಾರಿಗೂ ಆಂಪಿಗೂ (ಸದ್ದನ್ನು ಹಿಗ್ಗಿಸಿ ಕೇಳಿಸುವ ಪೆಟ್ಟಿಗೆ) ನಡುವೆ ಸಿಕ್ಕಿಸಿ ಕಾಲಿನಿಂದ ಒತ್ತುವ, ಗಿಟಾರಿನ ಸದ್ದನ್ನು ಒರಟಾಗಿಸುವ ಪುಟ್ಟ ಡಬ್ಬಿ ಅದು. ಈ ಪ್ರಶ್ನೆಗೆ ನಾನು ಬಹುಕಾಲ ಒಂದು ಪೆಡಲಿನ ಹೆಸರನ್ನೇ ಉತ್ತರವಾಗಿ ಹೇಳುತ್ತಿದ್ದೆ. ಈಗ ಹಾಗೆ ಹೇಳುವುದನ್ನು ಬಿಟ್ಟಿದ್ದೇನೆ. ಬಿಡಿಸಿದವರು ದ್ವಿತೀಯ ಪಿಯುಸಿ ಓದುತ್ತಿದ್ದ ಒಬ್ಬ ಹುಡುಗ, ಅವನ ತಂದೆ, ಮತ್ತು ಅವರು ಚೀಲದಲ್ಲಿ ಹೊತ್ತು ತಂದ ಒಂದು ಪುಟ್ಟ ಆಂಪು.

ಮೊದಲು ನಮ್ಮ ಶೋರೂಮಿನ ವ್ಯವಸ್ಥೆಯ ಬಗ್ಗೆ ಹೇಳಬೇಕು. ಯಾವ ಪೆಡಲ್ ತೋರಿಸುವುದಿದ್ದರೂ ಗ್ರಾಹಕರನ್ನು ಡೆಮೊ ರೂಮಿಗೇ ಕರೆದುಕೊಂಡು ಹೋಗಬೇಕೆಂಬುದು ಆಡಳಿತದ ನಿಯಮ. ಗೋಡೆಗಳಿಗೆ ಫೋಮ್ ಹೊದಿಸಿರುವ ಆ ಕೋಣೆಯಲ್ಲಿ 12 ಇಂಚಿನ ಸ್ಪೀಕರ್ ಇರುವ, 50 ವಾಟಿನ ಕಾಂಬೊ, ಅಂದರೆ ಆಂಪು ಮತ್ತು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವ ಜೋಡಿ, ಇದೆ. ಅದಕ್ಕೆ ಏನನ್ನು ಸಿಕ್ಕಿಸಿದರೂ ಚೆನ್ನಾಗಿಯೇ ಕೇಳಿಸುತ್ತದೆ, ಅದನ್ನು ಅಲ್ಲಿ ಇಟ್ಟಿರುವುದೂ ಅದಕ್ಕಾಗಿಯೇ. 10 ವಾಟಿನ ಪ್ರಾಕ್ಟೀಸ್ ಆಂಪುಗಳು ಮಾತ್ರ ಬಾಗಿಲ ಪಕ್ಕದ ರ್ಯಾಕಿನಲ್ಲಿ ಪೆಟ್ಟಿಗೆಯೊಳಗೇ ಇರುತ್ತವೆ. ಬಿಚ್ಚಿದರೆ ಓಪನ್ ಬಾಕ್ಸ್, ಅಂದರೆ ಹೊಸದೆಂದು ಮಾರಲಾಗದ ಮಾಲು, ಆಗಿಬಿಡುತ್ತದೆ ಎಂಬ ಭಯದಿಂದ ಅವನ್ನು ಯಾರೂ ಮುಟ್ಟುವಂತಿಲ್ಲ. ಅಗ್ಗದ ಪೆಡಲ್ ಕೇಳಿಕೊಂಡು ಬರುವವರಲ್ಲಿ ಬಹುತೇಕರ ಮನೆಯಲ್ಲಿರುವುದು ಇದೇ ಜಾತಿಯ ಆಂಪು ಎಂಬುದು ನಮಗೆಲ್ಲರಿಗೂ ಗೊತ್ತಿದ್ದರೂ ಎರಡನ್ನೂ ಜೋಡಿಸಿ ಯೋಚಿಸುವ ಅಭ್ಯಾಸ ಯಾರಿಗೂ ಇರಲಿಲ್ಲ.

ತಂದೆಯವರು ಬಂದ ಕೂಡಲೇ ಲೆಕ್ಕವನ್ನು ಖಚಿತಪಡಿಸಿದರು. ‘ಅಡಾಪ್ಟರು, ವೈರು ಎಲ್ಲಾ ಸೇರಿ ನಾಲ್ಕು ಸಾವಿರ. ಅದರ ಮೇಲೆ ಒಂದು ರೂಪಾಯಿನೂ ಇಲ್ಲ, ನೋಡಿ.’ ಹುಡುಗನಿಗೆ ಮೆಟಲ್ ನುಡಿಸುವ ಆಸೆ. ಹೊಸಬರಿಗೆ ನಾವು ಸಾಮಾನ್ಯವಾಗಿ ಮೊದಲು ತೋರಿಸುವುದು ಬಾಸ್ ಕಂಪನಿಯ ಕಿತ್ತಳೆ ಬಣ್ಣದ ಡಿಎಸ್-1. 1978ರಿಂದ ಮಾರಾಟದಲ್ಲಿರುವ, ಮೂರೇ ನಾಬುಗಳಿರುವ, ಹಾಳಾಗುವುದು ಅಪರೂಪವಾದ ಪೆಡಲ್ ಅದು. ಆದರೆ ಅವರ ಮೊತ್ತದೊಳಗೆ ಅದು ಕೂರುತ್ತಿರಲಿಲ್ಲ. ತಿಂಗಳ ಕೊನೆ, ಟಾರ್ಗೆಟ್ ಇನ್ನೂ ಬಾಕಿ, ಮತ್ತು ಇನ್ಸೆಂಟಿವ್ ಇದ್ದ ಒಂದು ಅಗ್ಗದ ಮೆಟಲ್ ಪೆಡಲ್ ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು.

ಡೆಮೊ ರೂಮಿನಲ್ಲಿ ನಾನು ಮಾಡಿದ್ದನ್ನು ಆ ಕೌಂಟರಿನಲ್ಲಿ ನಿಂತ ಯಾರೇ ಆದರೂ ಮಾಡುತ್ತಿದ್ದರು. ಡಿಸ್ಟಾರ್ಷನ್ ಎಷ್ಟಿರಬೇಕೆಂದು ನಿರ್ಧರಿಸುವ ಗೇನ್ ಅನ್ನು ಮುಕ್ಕಾಲು ಭಾಗ ತಿರುಗಿಸಿ, ನಡುಸ್ವರಗಳ ನಾಬಾದ ಮಿಡ್ ಅನ್ನು ಪೂರ್ತಿ ಇಳಿಸಿ, ಬೇಸ್ (ಕೆಳಸ್ವರ) ಮತ್ತು ಟ್ರೆಬಲ್ (ಮೇಲುಸ್ವರ) ಎರಡನ್ನೂ ಏರಿಸಿ, ಕಾಂಬೊದ ವಾಲ್ಯೂಮನ್ನು ಎದೆಗೆ ತಾಗುವಷ್ಟು ಎತ್ತರಿಸಿ ಗಿಟಾರನ್ನು ಹುಡುಗನ ಕೈಗೆ ಕೊಟ್ಟೆ. ಅವನು ದಪ್ಪ ತಂತಿಯ ಮೇಲೆ ಪಾಮ್ ಮ್ಯೂಟ್ ಹಾಕಿದಾಗ, ಅಂದರೆ ಅಂಗೈಯ ಅಂಚಿನಿಂದ ತಂತಿಯನ್ನು ಅದುಮಿ ಮೀಟಿದಾಗ, ನೆಲದ ಹಲಗೆಯೇ ಅದುರಿತು. ತಂದೆಯವರೂ ತಲೆದೂಗಿದರು. ಮನೆಯಲ್ಲಿ ಆಂಪ್ ಇದೆಯೇ ಎಂದು ನಾನು ಕೇಳಿದ್ದು ನಿಜ, ಅವರು ಇದೆ ಎಂದದ್ದೂ ನಿಜ. ಯಾವ ಆಂಪ್ ಎಂದು ಕೇಳುವಷ್ಟರಲ್ಲಿ ನನ್ನ ಕೈ ಆಗಲೇ ಬಿಲ್ಲಿಂಗ್ ಕಡೆಗೆ ಹೋಗಿತ್ತು.

ಮುಂದಿನ ಶನಿವಾರ ಸಂಜೆ, ಅಂಗಡಿ ತುಂಬಿದ್ದ ಹೊತ್ತಿನಲ್ಲಿ, ತಂದೆಯವರು ಆಂಪನ್ನು ಗಾಜಿನ ಕೌಂಟರಿನ ಮೇಲೆ ಧೊಪ್ಪನೆ ಇಟ್ಟರು. ‘ಏನ್ರೀ, ಇಲ್ಲಿ ಒಂದು ಪೀಸ್ ಕೇಳಿಸಿ, ಮನೆಗೆ ಬೇರೆ ಪೀಸ್ ಕಟ್ಟಿ ಕೊಟ್ಟಿದ್ದೀರಲ್ಲ?’ ಈ ಮಾತಿಗೆ ಅಕ್ಕಪಕ್ಕದಲ್ಲಿದ್ದ ಗ್ರಾಹಕರಷ್ಟೇ ಅಲ್ಲದೆ ಕ್ಯಾಶ್ ಕೌಂಟರಿನ ಹಿಂದಿದ್ದ ಮ್ಯಾನೇಜರ್ ಕೂಡ ಇತ್ತ ತಿರುಗಿ ನೋಡಿದರು. ನಾನು ಅಲ್ಲೇ ಪೆಡಲನ್ನು ಆ ಆಂಪಿಗೆ ಸಿಕ್ಕಿಸಿ ತಂತಿ ಮೀಟಿದೆ. ಹೊರಬಂದ ಸದ್ದು ಬೆಂಕಿಪೊಟ್ಟಣದಲ್ಲಿ ಕೂಡಿಹಾಕಿದ ಜೀರುಂಡೆಯದ್ದರಂತೆ ಇತ್ತು. ಯಾವ ಸ್ವರ ನುಡಿಸುತ್ತಿದ್ದೇನೆಂಬುದು ನನಗೇ ತಿಳಿಯಲಿಲ್ಲ.

ನನ್ನ ಮೊದಲ ಸಂಶಯ ಹೋದದ್ದು ಅಡಾಪ್ಟರಿನ ಮೇಲೆ. ಈ ಪೆಡಲ್‌ಗಳಿಗೆ ಬೇಕಾಗಿರುವುದು 9 ವೋಲ್ಟಿನ, ಪಿನ್ನಿನ ನಡುಭಾಗ ನೆಗೆಟಿವ್ ಆಗಿರುವ ಅಡಾಪ್ಟರ್. ವೈಫೈ ರೌಟರಿನ 12 ವೋಲ್ಟಿನ ಅಡಾಪ್ಟರುಗಳಲ್ಲಿ ನಡುಭಾಗ ಸಾಮಾನ್ಯವಾಗಿ ಪಾಸಿಟಿವ್ ಇರುತ್ತದೆ. ಪಿನ್ ಸರಿಯಾಗಿ ಕೂತಿತೆಂದು ಅದನ್ನೇ ಸಿಕ್ಕಿಸಿ ಪೆಡಲ್ ಸುಟ್ಟುಕೊಂಡು ಬರುವವರು ನಮ್ಮ ಸರ್ವಿಸ್ ಟೇಬಲ್ಲಿಗೆ ಹೊಸಬರೇನಲ್ಲ. ಮಲ್ಟಿಮೀಟರ್ ತಂದು ನೋಡಿದರೆ ವೋಲ್ಟೇಜ್ ಸರಿಯಾಗಿತ್ತು, ಧ್ರುವವೂ ಸರಿಯಾಗಿತ್ತು. ಕೇಬಲ್ ಬದಲಾಯಿಸಿದೆ, ಗಿಟಾರ್ ಬದಲಾಯಿಸಿದೆ. ಕೊನೆಗೆ ಡೆಮೊ ರೂಮಿನಿಂದ ನಮ್ಮದೇ ಡೆಮೊ ಪೀಸನ್ನು ತಂದು, ಈಗ ನೋಡಿ ಸರ್ ಎಂದು ಧೈರ್ಯವಾಗಿ ಹೇಳಿ ಮೀಟಿದೆ. ಅದೇ ಜೀರುಂಡೆ. ತಂದೆಯವರು ಕ್ಷಣ ಬಿಟ್ಟು, ‘ಓಹೋ, ಇದೂ ಕೆಟ್ಟಿದೆಯಾ?’ ಎಂದರು. ಅವರು ವ್ಯಂಗ್ಯವಾಡಿದರೋ ನಿಜವಾಗಿಯೇ ಕೇಳಿದರೋ ನನಗೆ ಇವತ್ತಿಗೂ ತಿಳಿದಿಲ್ಲ. ಮ್ಯಾನೇಜರ್ ಮಾತ್ರ ಕ್ಯಾಶ್ ಕೌಂಟರ್ ಬಿಟ್ಟು ಹೊರಗೆ ಬಂದರು.

ಆ ಹೊತ್ತಿಗೆ ನಾನು ಅಲ್ಲಿದ್ದ ಎಲ್ಲವನ್ನೂ ಬದಲಾಯಿಸಿ ನೋಡಿದ್ದೆ, ಆಂಪೊಂದನ್ನು ಬಿಟ್ಟು. ಅದರ ಮುಖವನ್ನು ಸರಿಯಾಗಿ ನೋಡಿದ್ದೇ ಆಗ. 6 ಇಂಚಿನ ಸ್ಪೀಕರು, ಆಂಪಿನದೇ ಡಿಸ್ಟಾರ್ಷನ್ ಹೊಮ್ಮಿಸುವ, ಒತ್ತಿಯೇ ಇದ್ದ ಓವರ್‌ಡ್ರೈವ್ ಗುಂಡಿ, ತುದಿಯವರೆಗೆ ತಿರುಗಿಸಿದ ಬೇಸ್. ಅಂದರೆ ಡಿಸ್ಟಾರ್ಷನ್ನಿಗಾಗಿ ಪೆಡಲ್ ಒಮ್ಮೆ ತುದಿ ಕತ್ತರಿಸಿದ ಸಿಗ್ನಲನ್ನು ಆಂಪು ಮತ್ತೊಮ್ಮೆ ಕತ್ತರಿಸುತ್ತಿತ್ತು. ಗಿಟಾರಿನ ದಪ್ಪ ತಂತಿಯ ಮೂಲಸ್ವರ ಸುಮಾರು 82 ಹರ್ಟ್ಸ್. ಅಷ್ಟು ಕೆಳಗಿನದನ್ನು ಚಿಕ್ಕ ಡಬ್ಬಿಯಲ್ಲಿರುವ 6 ಇಂಚಿನ ಸ್ಪೀಕರ್ ಹೊರಗೆ ಹಾಕಲಾರದು. ಬೇಸ್ ಏರಿಸಿದಷ್ಟೂ ಅದರ ಕೋನು ಸುಮ್ಮನೆ ಒದ್ದಾಡುತ್ತದೆಯೇ ಹೊರತು ಕಿವಿಗೆ ಬೇಸ್ ತಲುಪುವುದಿಲ್ಲ.

ವಾಲ್ಯೂಮಿನದು ಇನ್ನೊಂದು ಪೇಚು. ಸದ್ದಿನ ಮಟ್ಟ ತಗ್ಗಿದಂತೆ ನಮ್ಮ ಕಿವಿಗೆ ಕೆಳಸ್ವರಗಳು ಉಳಿದವುಗಳಿಗಿಂತ ಬೇಗ ಕ್ಷೀಣಿಸುತ್ತವೆ ಎಂಬುದನ್ನು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಷ್ಟು ಹಿಂದೆಯೇ ಅಳೆದು ತೋರಿಸಿದ್ದಾರೆ. ಮನೆಯವರಿಗೆ ತೊಂದರೆಯಾಗದ ಮಟ್ಟದಲ್ಲಿ ನುಡಿಸುವಾಗ ಗಿಟಾರು ಗಿಟಾರಿನಂತೆ ಕೇಳಿಸುವುದು ಮಿಡ್ ಇರುವುದರಿಂದ. ನಾನು ಹುಡುಗನಿಗೆ ಸೆಟ್ ಮಾಡಿ ಕೊಟ್ಟಿದ್ದು ಮಿಡ್ ಅನ್ನೇ ತೆಗೆದುಹಾಕಿದ ಸದ್ದನ್ನು, ಮತ್ತು ಅವನು ನಾಬುಗಳ ಫೋಟೊ ತೆಗೆದುಕೊಂಡು ಹೋಗಿ ಮನೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಹಾಗೆಯೇ ಇಟ್ಟುಕೊಂಡಿದ್ದ.

ಓವರ್‌ಡ್ರೈವ್ ಗುಂಡಿಯನ್ನು ಬಿಡಿಸಿ, ಪೆಡಲಿನ ಗೇನನ್ನು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಒಂಬತ್ತು ಗಂಟೆಯ ಸ್ಥಾನಕ್ಕೆ ಇಳಿಸಿ, ಮಿಡ್ ಏರಿಸಿ, ಎರಡೂ ಕಡೆಯ ಬೇಸನ್ನು ತಗ್ಗಿಸಿದ ಮೇಲೆ ಸ್ವರಗಳು ಬಿಡಿಬಿಡಿಯಾಗಿ ಕೇಳಿಸತೊಡಗಿದವು. ತಂದೆಯವರ ಮುಖವೂ ಸ್ವಲ್ಪ ಸಡಿಲವಾಯಿತು. ಮ್ಯಾನೇಜರ್ ಹಿಂದಿರುಗುವ ಸೂಚನೆ ತೋರಿದರು. ಪ್ರಕರಣ ಮುಗಿಯಿತೆಂದು ನಾನು ಪೆಡಲನ್ನು ಪೆಟ್ಟಿಗೆಗೆ ಹಾಕುವಾಗ, ಅಲ್ಲಿಯವರೆಗೆ ಬಾಯಿಬಿಡದೆ ನಿಂತಿದ್ದ ಹುಡುಗ ಮೆಲ್ಲಗೆ ಹೇಳಿದ: ‘ಅಣ್ಣಾ, ನಾನು ನುಡಿಸೋದು ರಾತ್ರಿ, ಹೆಡ್‌ಫೋನ್ ಹಾಕ್ಕೊಂಡು.’

ಈ ಒಂದು ಮಾತನ್ನು ಅವನು ಮೊದಲ ದಿನ ಹೇಳಿರಲಿಲ್ಲ ಎಂದು ದೂರುವ ಹಕ್ಕು ನನಗಿಲ್ಲ, ಏಕೆಂದರೆ ಕೇಳಬೇಕಾಗಿದ್ದವನು ನಾನು. ಗಿಟಾರ್ ಸ್ಪೀಕರುಗಳು ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಸದ್ದನ್ನು ತಾವಾಗಿಯೇ ಕಡಿದಾಗಿ ಇಳಿಸುತ್ತವೆ. ಡಿಸ್ಟಾರ್ಷನ್ನಿನಲ್ಲಿ ಹುಟ್ಟುವ ಚೂಪು ಅಂಶಗಳು ಅಲ್ಲಿಯೇ ಸೋಸಿಹೋಗುತ್ತವೆ. ಹೆಡ್‌ಫೋನಿಗೆ ಆ ಸೋಸುವಿಕೆ ಇಲ್ಲ. ಕೆಲವು ಆಂಪುಗಳಲ್ಲಿ ಹೆಡ್‌ಫೋನ್ ದಾರಿಗೆಂದೇ ಸ್ಪೀಕರಿನ ಗುಣವನ್ನು ಅನುಕರಿಸುವ ಸರ್ಕ್ಯೂಟ್ ಇರುತ್ತದೆ, ಅವನದ್ದರಲ್ಲಿ ಇರಲಿಲ್ಲ. ಹೆಡ್‌ಫೋನ್ ಹಾಕಿ ನಾನೇ ಕೇಳಿದೆ. ಸ್ಪೀಕರಿನಲ್ಲಿ ಇಷ್ಟೊತ್ತು ಸರಿಪಡಿಸಿದ್ದೆಲ್ಲ ಇಲ್ಲಿ ನೀರುಪಾಲಾಗಿತ್ತು. ಮೆಟಲ್ ಪೆಡಲಿನ ಟ್ರೆಬಲನ್ನು ಸೊನ್ನೆಗೆ ಇಳಿಸಿದರೂ ಮರಳು ಉಜ್ಜಿದಂಥ ಪದರ ಹೋಗಲೇ ಇಲ್ಲ.

ಅಲ್ಲಿಂದ ಮುಂದೆ ನಾನು ಮಾರಾಟದ ಮಾತನ್ನು ಬಿಟ್ಟು, ಓಪನ್ ಬಾಕ್ಸ್ ಡ್ರಾಯರಿನಲ್ಲಿದ್ದ ಪೆಡಲ್‌ಗಳನ್ನು ಒಂದೊಂದಾಗಿ ತೆಗೆದು ಅವನ ಆಂಪಿನಲ್ಲೇ, ಅವನ ಹೆಡ್‌ಫೋನಿನಲ್ಲೇ ಹಾಕಿ ನೋಡಿದೆ. ಮೊದಲನೆಯದು ಟ್ಯೂಬ್ ಸ್ಕ್ರೀಮರ್ ಮಾದರಿಯ ಹಸಿರು ಪೆಡಲ್. ಐಬನೆಜ್ 1970ರ ದಶಕದ ಕೊನೆಯಲ್ಲಿ ತಂದ ಆ ಸರ್ಕ್ಯೂಟಿನ ವಿಶೇಷವೆಂದರೆ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳಿಗೆ ಅದು ಕಡಿಮೆ ಗೇನ್ ಕೊಡುತ್ತದೆ. ಹಾಗಾಗಿ ಬೇಸ್ ಕಲಸಿಹೋಗುವುದಿಲ್ಲ. ಡ್ರೈವ್ ಅನ್ನು ಸೊನ್ನೆಯ ಹತ್ತಿರ ಇಟ್ಟು, ಲೆವೆಲ್ ಪೂರ್ತಿ ಏರಿಸಿ, ಆಂಪಿನ ಓವರ್‌ಡ್ರೈವ್ ಗುಂಡಿ ಒತ್ತಿ ನುಡಿಸಿದಾಗ ಆ ಚಿಕ್ಕ ಸ್ಪೀಕರಿನಲ್ಲಿಯೂ ಪಾಮ್ ಮ್ಯೂಟ್ ಬಿಗಿಯಾಗಿ ಬಂತು. ಸ್ಪೀಕರಿನಲ್ಲಿ ಮಾತ್ರ ನುಡಿಸುವವನಾಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಹೆಡ್‌ಫೋನಿನಲ್ಲಿ ಆಂಪಿನದೇ ಓವರ್‌ಡ್ರೈವ್ ಚುಚ್ಚುತ್ತಿದ್ದುದರಿಂದ ಅದು ಆಗಿಬರಲಿಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ರ್ಯಾಟ್ ಮಾದರಿಯ ಒಂದು ಅಗ್ಗದ ನಕಲು. ಮೂಲ ರ್ಯಾಟ್ ಅಮೆರಿಕದ ಮಿಶಿಗನ್ ರಾಜ್ಯದ ಕಲಮಜೂನಲ್ಲಿ ಪ್ರೊಕೊ ಕಂಪನಿಯವರು ಮಾಡಿದ್ದು. ಅದರ ಟೋನ್ ನಾಬಿಗೆ ಫಿಲ್ಟರ್ ಎಂದು ಹೆಸರು, ಮತ್ತು ಅದು ಉಳಿದ ಪೆಡಲ್‌ಗಳಿಗೆ ತದ್ವಿರುದ್ಧವಾಗಿ ಕೆಲಸ ಮಾಡುತ್ತದೆ: ಬಲಕ್ಕೆ ತಿರುಗಿಸಿದಷ್ಟೂ ಚೂಪು ಕಡಿಮೆಯಾಗುತ್ತದೆ. ಆಂಪಿನದೇ ಡಿಸ್ಟಾರ್ಷನ್ ಇಲ್ಲದ ಕ್ಲೀನ್ ಚಾನೆಲ್ಲಿನಲ್ಲಿ, ಗೇನ್ ಅರ್ಧಕ್ಕಿಂತ ಕೆಳಗೆ, ಫಿಲ್ಟರ್ ಎರಡು ಗಂಟೆಯ ಆಚೆಗೆ ಇಟ್ಟಾಗ ಹೆಡ್‌ಫೋನಿನಲ್ಲಿಯೂ ಸ್ವರ ದುಂಡಗೆ ಕೇಳಿಸಿತು. ಸ್ಪೀಕರಿಗೆ ಬದಲಾಯಿಸಿದಾಗ ಫಿಲ್ಟರನ್ನು ಸ್ವಲ್ಪ ಎಡಕ್ಕೆ ತಂದರೆ ಸಾಕಾಗುತ್ತಿತ್ತು. ಹುಡುಗ ಹೆಡ್‌ಫೋನ್ ತೆಗೆದು ತಂದೆಯ ಕಿವಿಗೆ ಹಾಕಿ ತಾನು ನುಡಿಸಿದ. ಅವರು, ‘ಇದು ಪರವಾಗಿಲ್ಲ’ ಎಂದರು. ನಾನು ಆ ಸಂಜೆ ಕೇಳಿದ ಅತಿ ದೊಡ್ಡ ಹೊಗಳಿಕೆ ಅದು.

ಅದರ ಬೆಲೆ ಅವರು ಕೊಂಡದ್ದಕ್ಕಿಂತ ಕಡಿಮೆಯಾಗಿತ್ತು, ತೊಂದರೆ ಶುರುವಾದದ್ದೂ ಅದರಿಂದಲೇ. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಎಕ್ಸ್‌ಚೇಂಜ್ ಬಿಲ್ ಮೈನಸ್ ಆಗುವಂತಿಲ್ಲ. ಗ್ರಾಹಕ ಮೊದಲು ಕೊಂಡದ್ದಕ್ಕಿಂತ ಅಗ್ಗದ ವಸ್ತುವನ್ನು ಒಯ್ಯಬಹುದು ಎಂಬ ಸಾಧ್ಯತೆ ಅದನ್ನು ಬರೆದವರಿಗೆ ಹೊಳೆದಿರಲಿಲ್ಲ. ಬಾಕಿ ಮೊತ್ತಕ್ಕೆ ತಂತಿಗಳ ಸೆಟ್ಟು ಮತ್ತು ಪಿಕ್ಕುಗಳನ್ನು ಸೇರಿಸಿ ಲೆಕ್ಕ ಸರಿದೂಗಿಸುವಷ್ಟರಲ್ಲಿ ಅಂಗಡಿ ಮುಚ್ಚುವ ಹೊತ್ತಾಗಿತ್ತು. ನನ್ನ ಇನ್ಸೆಂಟಿವ್ ರಿವರ್ಸ್ ಆಯಿತು. ಆ ಎಂಟ್ರಿಗೆ ಮಾತ್ರ ಸಾಫ್ಟ್‌ವೇರ್ ಒಂದು ತಕರಾರನ್ನೂ ಮಾಡಲಿಲ್ಲ.

ಈಗ ಯಾರೇ ಅಗ್ಗದ ಡಿಸ್ಟಾರ್ಷನ್ ಕೇಳಿದರೂ ಆಂಪ್ ಯಾವುದು, ಸ್ಪೀಕರ್ ಎಷ್ಟು ಇಂಚು, ಹೆಡ್‌ಫೋನಿನಲ್ಲಿ ನುಡಿಸುತ್ತೀರಾ ಎಂದು ಮೊದಲು ಕೇಳುತ್ತೇನೆ, ಸಾಧ್ಯವಿದ್ದರೆ ಆಂಪನ್ನೇ ತನ್ನಿ ಎನ್ನುತ್ತೇನೆ. ತಂದವರಲ್ಲಿ ಕೆಲವರಿಗೆ ಬೇಸ್ ಇಳಿಸಿ ಮಿಡ್ ಏರಿಸಿದ ಕೂಡಲೇ ಆಂಪಿನದೇ ಓವರ್‌ಡ್ರೈವ್ ಸಾಕೆನಿಸಿ, ಪೆಡಲ್ ಕೊಳ್ಳದೆ ಮರಳಿದ್ದೂ ಇದೆ. ಅಂಥ ಸಂಜೆಗಳಲ್ಲಿ ನಾನು ಮ್ಯಾನೇಜರ್ ಕಡೆಗೆ ನೋಡುವುದಿಲ್ಲ. ಡೆಮೊ ರೂಮಿನಲ್ಲಿ ಒಂದು ಚಿಕ್ಕ ಆಂಪ್ ಇಡಲು ಅನುಮತಿ ಕೋರಿ ಹೆಡ್ ಆಫೀಸಿಗೆ ಬರೆದ ಪತ್ರಕ್ಕೆ, ಡೆಮೊ ರೂಮಿನ ವಿನ್ಯಾಸವನ್ನು ಬದಲಾಯಿಸುವಂತಿಲ್ಲ ಎಂಬ ಉತ್ತರ ಬಂದಿದೆ. ಆದ್ದರಿಂದ ಪೆಟ್ಟಿಗೆ ಹರಿದ 10 ವಾಟಿನ ಆಂಪೊಂದು ಸದ್ಯಕ್ಕೆ ಸರ್ವಿಸ್ ಟೇಬಲ್ಲಿನ ಕೆಳಗಿದೆ. ರಿಜಿಸ್ಟರಿನಲ್ಲಿ ಅದು ರಿಪೇರಿಗೆ ಬಂದಿರುವ ಮಾಲು, ಕಾರಣದ ಕಾಲಮ್ಮಿನಲ್ಲಿ ‘ಪರೀಕ್ಷೆಯಲ್ಲಿದೆ’ ಎಂದು ಬರೆದಿದ್ದೇನೆ. ಸ್ಟಾಕ್ ಆಡಿಟ್ ಬರುವವರೆಗೆ ಆ ಪರೀಕ್ಷೆ ನಡೆಯುತ್ತಲೇ ಇರುತ್ತದೆ.